ನನ್ನ ಬಡ್ತಿ ಇದ್ದದ್ದು ಯಾರದೋ ಬೀರುವಿನಲ್ಲಿ

ಮಾನ್ಯ ಸಂಪಾದಕರಿಗೆ,

ನಮಸ್ಕಾರ. ಹೋದ ವಾರ ನಿಮ್ಮ ಪುರವಣಿಯಲ್ಲಿ ನೌಕರಿಯಲ್ಲಿ ಮೇಲೆ ಬರುವುದು ಹೇಗೆ ಅಂತ ಅರ್ಧ ಪುಟದ ಲೇಖನ ಬಂದಿತ್ತು. ಹೊಸದೇನಾದರೂ ಕಲಿಯುತ್ತಿರಿ, ಬಾಸ್ ಜೊತೆ ಆಗಾಗ ಕೂತು ಮಾತಾಡಿ, ಐದು ವರ್ಷದ ಗುರಿ ಬರೆದಿಟ್ಟುಕೊಳ್ಳಿ, ಎಲ್ಲವೂ ನಿಮ್ಮ ಕೈಯಲ್ಲೇ ಇದೆ ಅಂತೆಲ್ಲ ಇತ್ತು. ಬಹುಪಾಲು ತಪ್ಪೇನಿಲ್ಲ. ನನ್ನ ಮಗಳು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ. ಲೇಖನದ ಫೋಟೊ ತೆಗೆದು ಅವಳಿಗೆ ಕಳಿಸಿದೆ. "ಇದೆಲ್ಲ ಗೊತ್ತಿರೋದೇ ಅಮ್ಮಾ, ನೀನು ಊಟ ಮಾಡಿದ್ಯಾ?" ಅಂತ ಉತ್ತರ ಬಂತು.

ಅವಳಿಗೆ ಗೊತ್ತಿದೆ ಸರಿ. ಆದರೆ ಈ ರಾಜ್ಯದಲ್ಲಿ ಲಕ್ಷಗಟ್ಟಲೆ ಜನ ಸರ್ಕಾರಿ ನೌಕರರಿದ್ದಾರಲ್ಲ, ಅವರ ಬಾಸ್ ಐದು ವರ್ಷದಲ್ಲಿ ನಾಲ್ಕು ಸಲ ವರ್ಗವಾಗಿ ಹೋಗುತ್ತಾರೆ. ಕೂತು ಮಾತಾಡುವುದು ಯಾರ ಜೊತೆ? ನಮ್ಮ ಬೆಳವಣಿಗೆ ಇರುವುದು ಒಂದು ದಪ್ಪ ರಟ್ಟಿನ ಪುಸ್ತಕದಲ್ಲಿ. ಅದನ್ನು ಸೇವಾ ಪುಸ್ತಕ ಅಂತ ಬರೆಯುತ್ತಾರೆ, ನಾವು ಎಸ್‌ಆರ್ ಅನ್ನುತ್ತೇವೆ. ಆ ಪುಸ್ತಕ ಇನ್ನೊಬ್ಬರ ಬೀರುವಿನಲ್ಲಿರುತ್ತದೆ, ಬೀಗದ ಕೈ ಮತ್ತೊಬ್ಬರ ಹತ್ತಿರ. ಅದರ ಬಗ್ಗೆ ಯಾರೂ ಬರೆಯುವುದಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗಬಹುದು. ಕತ್ತರಿಸುವುದಿದ್ದರೆ ದಯವಿಟ್ಟು ಕೊನೆಯ ಕೋರಿಕೆಯನ್ನು ಬಿಟ್ಟು ಉಳಿದದ್ದನ್ನು ಕತ್ತರಿಸಿ.

ನಾನು 1986ರಲ್ಲಿ ಕೆಲಸಕ್ಕೆ ಸೇರಿದೆ. ಅಪ್ಪ ಇದೇ ಇಲಾಖೆಯಲ್ಲಿ ಡ್ರೈವರ್ ಆಗಿದ್ದರು. ಸೇವೆಯಲ್ಲಿರುವಾಗಲೇ ತೀರಿಕೊಂಡರು. ಮನೆಗೆ ನಾನೇ ದೊಡ್ಡವಳು, ಪಿಯುಸಿ ಆಗಿತ್ತು, ಅನುಕಂಪದ ಮೇಲೆ ನೌಕರಿ ಸಿಕ್ಕಿತು. ಆಗ ಹಾವೇರಿ ಧಾರವಾಡ ಜಿಲ್ಲೆಯ ಒಂದು ತಾಲ್ಲೂಕು. 2024ರ ಜೂನ್‌ನಲ್ಲಿ ನಿವೃತ್ತಿಯಾದೆ. ದ್ವಿತೀಯ ದರ್ಜೆ ಸಹಾಯಕಿ, ಪ್ರಥಮ ದರ್ಜೆ ಸಹಾಯಕಿ, ಕೊನೆಗೆ ಅಧೀಕ್ಷಕಿ. 38 ವರ್ಷಕ್ಕೆ ಮೂರು ಕುರ್ಚಿ. ಮಗಳಿಗೆ ಇದನ್ನು ಹೇಳಿದರೆ ನಗುತ್ತಾಳೆ, ಅವಳು ಒಂಬತ್ತು ವರ್ಷದಲ್ಲಿ ನಾಲ್ಕು ಕಂಪನಿ ನೋಡಿದವಳು.

ಕೆಲಸಕ್ಕೆ ಸೇರಿದ ಮೊದಲ ದಿನ ನಮ್ಮ ಹೆಡ್ ಕ್ಲರ್ಕ್ ಹೇಳಿದ ಮಾತು ನೆನಪಿದೆ. "ತಂಗಿ, ತಲಿ ಬಗ್ಗಿಸಿ ಕೆಲಸ ಮಾಡು. ಕಾಲಕಾಲಕ್ಕ ಬರೋದು ಬರ್ತೈತಿ." ಒಳ್ಳೆಯ ಮನುಷ್ಯ. ಮಾತಿನಲ್ಲಿ ಅರ್ಧ ಸತ್ಯವೂ ಇತ್ತು. ವರ್ಷಕ್ಕೊಂದು ಇನ್‌ಕ್ರಿಮೆಂಟ್ ಬರುತ್ತದೆ. ಬಡ್ತಿಯಿಲ್ಲದೆ ಒಂದೇ ಹುದ್ದೆಯಲ್ಲಿ 10 ವರ್ಷ ಕಳೆದರೆ 1983ರ ನಿಯಮದ ಪ್ರಕಾರ ಕಾಲಬದ್ಧ ಮುಂಬಡ್ತಿ, 15 ವರ್ಷಕ್ಕೆ ಹಿರಿಯ ವೇತನ ಶ್ರೇಣಿ. ಇವು ಸಂಬಳಕ್ಕೆ ಸಂಬಂಧಪಟ್ಟವು. ಅವೂ ತಾವಾಗಿಯೇ ಬಂದು ಬಾಗಿಲು ತಟ್ಟುವುದಿಲ್ಲ. ನನ್ನ 10 ವರ್ಷ 1996ಕ್ಕೆ ಮುಗಿದಿತ್ತು, ಆದೇಶ ಬಂದದ್ದು 1998ರಲ್ಲಿ. ಕುರ್ಚಿ ಬದಲಾಗಬೇಕಾದರೆ ಮಾತ್ರ ಲೆಕ್ಕವೇ ಬೇರೆ. ಮೇಲೆ ಹುದ್ದೆ ಖಾಲಿ ಇರಬೇಕು, ಜ್ಯೇಷ್ಠತಾ ಪಟ್ಟಿಯಲ್ಲಿ ಸರದಿ ಬರಬೇಕು, ಇಲಾಖಾ ಪರೀಕ್ಷೆ ಪಾಸಾಗಿರಬೇಕು. ಪಾಸಾದದ್ದು ಎಸ್‌ಆರ್‌ನಲ್ಲಿ ದಾಖಲಾಗಿರಬೇಕು. ನಾನು ಎಡವಿದ್ದು ಈ ಕೊನೆಯ ಮೆಟ್ಟಿಲಲ್ಲಿ.

ಇಲಾಖಾ ಪರೀಕ್ಷೆಗಳನ್ನು ನಡೆಸುವುದು ಕರ್ನಾಟಕ ಲೋಕಸೇವಾ ಆಯೋಗ. ಯಾವ ಇಲಾಖೆಯ ಯಾವ ಹುದ್ದೆಗೆ ಯಾವ ಪೇಪರು ಅನ್ನುವುದು ಬೇರೆ ಬೇರೆ. ನಮಗೆ ಮುಖ್ಯವಾಗಿ ಅಕೌಂಟ್ಸ್ ಪೇಪರು ಇತ್ತು. ಆಗ ಮಗಳಿಗೆ ಮೂರು ವರ್ಷ. ಅಡುಗೆ ಮನೆಯ ಕಟ್ಟೆಯ ಮೇಲೆ ಒಂದು ಕಡೆ ಹಿಟ್ಟಿನ ಪರಾತ, ಇನ್ನೊಂದು ಕಡೆ ಕೆಸಿಎಸ್‌ಆರ್, ಅಂದರೆ ಕರ್ನಾಟಕ ನಾಗರಿಕ ಸೇವಾ ನಿಯಮಗಳ ಪುಸ್ತಕ. ರೊಟ್ಟಿ ಬಡಿಯುತ್ತಾ ರಜೆ ನಿಯಮ ಬಾಯಿಪಾಠ ಮಾಡಿದ್ದೇನೆ. ಆ ಪುಸ್ತಕ ಇನ್ನೂ ಇದೆ. ಪುಟದ ಅಂಚುಗಳಲ್ಲಿ ಜೋಳದ ಹಿಟ್ಟು ಹತ್ತಿ ಗಟ್ಟಿಯಾಗಿದೆ. ಮೊದಲ ಸಲ ಫೇಲಾದೆ. ಎರಡನೇ ಸಲ 1993ರಲ್ಲಿ ಪಾಸಾದೆ. ಫಲಿತಾಂಶ ನೋಡಿದ ಹೆಡ್ ಕ್ಲರ್ಕ್ "ಎಸ್‌ಆರ್‌ನ್ಯಾಗ ಬರಸ್ತೀನಿ ತಗೋರಿ" ಅಂದರು. ಆಫೀಸಿಗೆಲ್ಲ ಪೇಡೆ ಹಂಚಿದೆ. ಅಲ್ಲಿಗೆ ಆ ವಿಷಯ ಮರೆತೆ.

1997ರ ಆಗಸ್ಟ್‌ನಲ್ಲಿ ಹಾವೇರಿ ಹೊಸ ಜಿಲ್ಲೆಯಾಯಿತು. ಊರಿಗೆಲ್ಲ ಸಂಭ್ರಮ. ನಮಗೂ ಖುಷಿ, ಸಣ್ಣಪುಟ್ಟದಕ್ಕೂ ಧಾರವಾಡಕ್ಕೆ ಓಡುವುದು ತಪ್ಪಿತು ಅಂತ. ಜಿಲ್ಲಾ ಕಚೇರಿಯ ಕಡತಗಳು ಲಾರಿಯಲ್ಲಿ ಬಂದವು. ಕೆಂಪು ಬಟ್ಟೆಯ ಗಂಟು, ಮೇಲೆ ಚೀಟಿ, ಚೀಟಿಯ ಮೇಲೆ ಮಳೆಹನಿ ಬಿದ್ದು ಕಲಸಿದ ಮಸಿ. ಇಳಿಸಿದ ಗಂಟುಗಳನ್ನು ಒಂದು ವಾರ ವರಾಂಡದಲ್ಲೇ ಸಾಲಾಗಿ ಇಟ್ಟಿದ್ದರು. ಅವುಗಳ ಮೇಲೆ ಕೂತು ಚಹಾ ಕುಡಿದವರಲ್ಲಿ ನಾನೂ ಒಬ್ಬಳು. ನನ್ನ ಎಸ್‌ಆರ್ ಕೂಡ ಆ ಗಂಟುಗಳಲ್ಲೇ ಎಲ್ಲೋ ಇತ್ತು ಅನ್ನುವುದು ತಲೆಗೇ ಬರಲಿಲ್ಲ.

1999ರ ಮೊದಲಿಗೆ ತಾತ್ಕಾಲಿಕ ಜ್ಯೇಷ್ಠತಾ ಪಟ್ಟಿ ಬಂತು. ಆಕ್ಷೇಪಣೆ ಇದ್ದರೆ 15 ದಿನದೊಳಗೆ ಸಲ್ಲಿಸಿ ಅಂತ ಮೇಲೆ ಬರೆದಿತ್ತು. ಎಲ್ಲರ ಜೊತೆ ನಾನೂ ನೋಟಿಸ್ ಬೋರ್ಡಿನ ಹತ್ತಿರ ಹೋದೆ. ನನ್ನ ಹೆಸರಿತ್ತು, ಕ್ರಮಸಂಖ್ಯೆ 31. ಹುಟ್ಟಿದ ದಿನಾಂಕ ಸರಿ, ಸೇರಿದ ದಿನಾಂಕ ಸರಿ. ಸಾಕು ಅಂದುಕೊಂಡು ಬಂದು ಕೂತೆ. ಪಟ್ಟಿಯ ಬಲತುದಿಯಲ್ಲಿ 'ಷರಾ' ಅಂತ ಒಂದು ಸಣ್ಣ ಕಾಲಂ ಇತ್ತು. ಅದನ್ನು ನೋಡಲಿಲ್ಲ. ಷರಾ ಅಂದರೆ ಸಾಮಾನ್ಯವಾಗಿ ಖಾಲಿ ಇರುವ ಜಾಗ ಅಲ್ವಾ?

ಮೂರು ತಿಂಗಳ ನಂತರ ಬಡ್ತಿ ಆದೇಶ ಬಂತು. 33 ಮತ್ತು 36ನೇ ನಂಬರಿನವರು ಪ್ರಥಮ ದರ್ಜೆ ಸಹಾಯಕರಾದರು. ಇಬ್ಬರೂ ನಾನು ಸೇರಿದ ಮೇಲೆ ಸೇರಿದವರು, ಅದರಲ್ಲಿ ಒಬ್ಬರಿಗೆ ಟಪಾಲು ಇನ್‌ವರ್ಡ್ ಮಾಡುವುದನ್ನು ಹೇಳಿಕೊಟ್ಟವಳೇ ನಾನು. ಸನ್ಮಾನಕ್ಕೆ ತಲಾ ಹತ್ತು ರೂಪಾಯಿ ಎತ್ತಿದರು. ನಮ್ಮೂರಲ್ಲಿ ಏಲಕ್ಕಿ ಹಾರ ಮಾಡುತ್ತಾರೆ, ಹೆಸರುವಾಸಿ. ದೊಡ್ಡವರು ಬಂದರೆ ಅದನ್ನೇ ಹಾಕುವುದು. ಅಂಥ ಎರಡು ಹಾರ ತರಿಸಿದರು. ನನ್ನ ಹತ್ತು ರೂಪಾಯಿಯೂ ಅದರಲ್ಲಿತ್ತು. ಹಾರ ಹಾಕುವಾಗ ಹಾಲ್ ತುಂಬ ಏಲಕ್ಕಿ ಘಮ. ಚಪ್ಪಾಳೆ ತಟ್ಟಿದೆ. ಈಗಲೂ ಪಾಯಸಕ್ಕೆ ಏಲಕ್ಕಿ ಕುಟ್ಟುವಾಗ ಒಮ್ಮೊಮ್ಮೆ ಆ ಹಾಲ್ ಕಣ್ಣ ಮುಂದೆ ಬರುತ್ತದೆ.

ಎಲ್ಲರೂ ಹೋದ ಮೇಲೆ ಹಳೆಯ ಪಟ್ಟಿ ತೆಗೆಸಿ ನೋಡಿದೆ. 31ರ ಎದುರಿಗೆ ಷರಾ ಕಾಲಂನಲ್ಲಿ ಇತ್ತು: 'ಇ.ಪ. ತೇರ್ಗಡೆಯಾಗಿಲ್ಲ.' ಅಂದರೆ ಇಲಾಖಾ ಪರೀಕ್ಷೆ ಪಾಸಾಗಿಲ್ಲ ಅಂತ.

ಸಿಬ್ಬಂದಿ ಶಾಖೆಯ ಗುಮಾಸ್ತರನ್ನು ಕೇಳಿದೆ. "ಅಕ್ಕಾರ, ಎಸ್‌ಆರ್‌ನ್ಯಾಗ ಇಲ್ಲ ಅಂದ್ರ ಇಲ್ಲರೀ. ನಾವು ಇದ್ದದ್ದ ನೋಡಿ ಬರೀಬೇಕಲ್ಲ" ಅಂದರು. ಅವರ ಮಾತೂ ಸರಿಯೇ. ಪುಸ್ತಕ ತೋರಿಸಿ ಅಂದೆ. 13 ವರ್ಷದ ಸೇವೆಯಲ್ಲಿ ಎರಡನೇ ಸಲ ನೋಡಿದ್ದು. ಮೊದಲ ಸಲ ನೋಡಿದ್ದು 1986ರಲ್ಲಿ ಹೆಬ್ಬೆಟ್ಟು ಒತ್ತಿದ ದಿನ. ಮೊದಲ ಪುಟದಲ್ಲಿ ನನ್ನ ಎತ್ತರ ಇತ್ತು, ಎಡಗಣ್ಣಿನ ಕೆಳಗೆ ಕಪ್ಪು ಮಚ್ಚೆ ಅಂತ ಗುರುತಿತ್ತು. ಹೆರಿಗೆ ರಜೆ ಇತ್ತು. ಇನ್‌ಕ್ರಿಮೆಂಟುಗಳಿದ್ದವು. ಪರೀಕ್ಷೆ ಇರಲಿಲ್ಲ. ರಜೆ ಲೆಕ್ಕದ ಪುಟ ತಿರುಗಿಸಿದರೆ ಮೂರು ವರ್ಷದ ಗಳಿಕೆ ರಜೆಯನ್ನು ಜಮಾ ಮಾಡಿರಲೇ ಇಲ್ಲ. ಅದನ್ನಂತೂ ನಾನು ಹುಡುಕಿಕೊಂಡು ಹೋಗಿರಲೂ ಇಲ್ಲ.

ವರ್ಷಕ್ಕೊಮ್ಮೆ ನೌಕರರಿಗೆ ಎಸ್‌ಆರ್ ತೋರಿಸಿ ಸಹಿ ಪಡೆಯಬೇಕು ಅನ್ನುವುದು ನಿಯಮ. ನನಗೆ ಯಾರೂ ತೋರಿಸಿರಲಿಲ್ಲ. ತೋರಿಸಿ ಅಂತ ನಾನೂ ಕೇಳಿರಲಿಲ್ಲ. ಬರೆಸುತ್ತೇನೆ ಅಂದಿದ್ದ ಹೆಡ್ ಕ್ಲರ್ಕ್ ಆ ಹೊತ್ತಿಗೆ ನಿವೃತ್ತಿಯಾಗಿ ಮೊಮ್ಮಕ್ಕಳ ಜೊತೆ ಇದ್ದರು. ಅವರನ್ನು ಬೈದುಕೊಂಡೆ, ಧಾರವಾಡದ ಕಚೇರಿಯನ್ನು ಬೈದುಕೊಂಡೆ, ಲಾರಿಯನ್ನೂ ಬೈದುಕೊಂಡೆ. ರಾತ್ರಿ ಮಲಗಿದಾಗ ಬೇರೆಯದೇ ಯೋಚನೆ ಬಂತು. ಸಿಲಿಂಡರ್ ಬಂದರೆ ತೂಕ ಹಾಕಿಸಿ ತಗೊಳ್ಳುವವಳು ನಾನು. ರೇಷನ್ ಅಂಗಡಿಯಲ್ಲಿ ಸಕ್ಕರೆ ಐವತ್ತು ಗ್ರಾಂ ಕಮ್ಮಿಯಾದರೆ ಜಗಳ ಮಾಡುವವಳು. ಆರು ವರ್ಷದಲ್ಲಿ ಒಂದೇ ಒಂದು ಸಲ "ನನ್ನ ಪರೀಕ್ಷೆ ಬರೆದಿರೇನ್ರೀ?" ಅಂತ ಕೇಳಲು ನನಗೆ ಏನಾಗಿತ್ತು? ಸಂಕೋಚ. ಕೇಳಿದರೆ ಬಡ್ತಿಗೆ ಆಸೆಪಡುತ್ತಾಳೆ ಅಂದಾರು ಅನ್ನುವ ಸಂಕೋಚ. ಅನುಕಂಪದ ಮೇಲೆ ಬಂದವಳು, ಕೊಟ್ಟಷ್ಟಕ್ಕೆ ಸುಮ್ನೆ ಇರಬೇಕು ಅಂತ ಒಳಗೊಳಗೇ ಅನ್ನಿಸುತ್ತಿತ್ತು. ಹೆಣ್ಣುಮಕ್ಕಳಲ್ಲಿ ಇದು ಜಾಸ್ತಿ. ಬಡ್ತಿ ಕೇಳುವ ಗಂಡಸಿಗೆ ಚುರುಕು ಅನ್ನುತ್ತಾರೆ, ಹೆಂಗಸು ಕೇಳಿದರೆ ಮನೆಯಲ್ಲಿ ಸಾಲದೇನೋ ಅನ್ನುತ್ತಾರೆ.

ಆ ಡಿಸೆಂಬರ್‌ನಲ್ಲಿ ಎರಡು ದಿನ ರಜೆ ಹಾಕಿ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋದೆ. ಒಬ್ಬಳೇ ಹೋಗಿದ್ದು ಅದೇ ಮೊದಲು. ಲೋಕಸೇವಾ ಆಯೋಗದ ಕಚೇರಿಯಲ್ಲಿ ನೋಂದಣಿ ಸಂಖ್ಯೆ ಕೇಳಿದರು. ಅದೃಷ್ಟಕ್ಕೆ ಹಾಲ್ ಟಿಕೆಟ್ ನನ್ನ ಹತ್ತಿರ ಇತ್ತು. ಜೋಪಾನವಾಗಿ ಇಟ್ಟದ್ದೇನಲ್ಲ, ಆ ಹಿಟ್ಟು ಹತ್ತಿದ ಕೆಸಿಎಸ್‌ಆರ್ ಪುಸ್ತಕದಲ್ಲಿ ಪುಟ ಗುರುತಿಗೆ ಇಟ್ಟಿದ್ದೆ. ಅಲ್ಲಿದ್ದ ಒಬ್ಬ ಹಿರಿಯ ಮೇಡಂ ಹಳೆಯ ಫಲಿತಾಂಶದ ಕಟ್ಟು ತೆಗೆಸಿ, ನನ್ನ ನಂಬರಿನ ಕೆಳಗೆ ಪೆನ್ಸಿಲ್ ಗೆರೆ ಎಳೆದು, ದೃಢೀಕರಿಸಿದ ನಕಲು ಕೊಡಿಸಿದರು. "ಊರಿಗೆ ಹೋಗಿ ಇದರದ್ದು ನಾಲ್ಕು ಜೆರಾಕ್ಸ್ ಮಾಡಿಸಿಟ್ಟುಕೊಳ್ಳಮ್ಮ" ಅಂದರು.

ನಂತರದ್ದು ಸಂಕ್ಷಿಪ್ತವಾಗಿ. ಮೊದಲ ಅರ್ಜಿ ಮೇಲಧಿಕಾರಿಗಳ 'ಮೂಲಕ' ಬಂದಿಲ್ಲ ಅಂತ ವಾಪಸ್ಸಾಯಿತು. ಎರಡನೆಯದಕ್ಕೆ ಸ್ವೀಕೃತಿ ತಗೊಂಡೆ. ಮೂರು ನೆನಪೋಲೆ ಬರೆದೆ. 2001ರಲ್ಲಿ ಬಡ್ತಿ ಬಂತು. ಹಿಂದಿನ ದಿನಾಂಕದಿಂದ ಕೊಡಿ ಅಂತ ಮತ್ತೆ ಕಡತ ನಡೆದು 2004ರಲ್ಲಿ ಅದೂ ಆಯಿತು, ಆದರೆ ಕಾಗದದ ಮೇಲೆ ಮಾತ್ರ, ಬಾಕಿ ಹಣ ಇಲ್ಲ. ಹಣ ತಿಂಗಳಿಗೆ ಲೆಕ್ಕ ಹಾಕಿದರೆ ಅಂಥ ದೊಡ್ಡದೂ ಅಲ್ಲ. ಜ್ಯೇಷ್ಠತೆ ವಾಪಸ್ ಸಿಕ್ಕಿತಲ್ಲ, ಮುಂದಿನ ಕುರ್ಚಿಗೆ ಅದು ಬೇಕಿತ್ತು.

ಇಷ್ಟೇ ಆಗಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಅನ್ಯಾಯವಾದವರ ಕಥೆ ನಿಮಗೆ ದಿನಾ ಹತ್ತು ಬರುತ್ತವೆ. ಬರೆಯಬೇಕಾದದ್ದು ಮುಂದಿನದು.

2003ರಲ್ಲಿ ನನ್ನನ್ನು ಸಿಬ್ಬಂದಿ ಶಾಖೆಗೆ ಹಾಕಿದರು. ಈಗ ಬೀರುವಿನ ಬೀಗದ ಕೈ ನನ್ನ ಸೊಂಟದಲ್ಲಿ. ಎರಡು ಬೀರು, ಸುಮಾರು 180 ಎಸ್‌ಆರ್. ಅದರ ಜೊತೆಗೆ ಸಂಬಳದ ಬಿಲ್ಲು, ರಜೆ, ಪಿಂಚಣಿ ಕಡತ, ಸಾಲದ್ದಕ್ಕೆ ಮಾಹಿತಿ ಕೇಳಿ ದಿನಾ ಬೆಳಿಗ್ಗೆ ಬರುವ 'ತುರ್ತು' ಅಂತ ಬರೆದ ಪತ್ರ. ನಮ್ಮ ಕಚೇರಿಯಲ್ಲಿ ಒಬ್ಬ ಅಟೆಂಡರ್ ಇದ್ದ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಮೂವತ್ತಾರನೇ ವಯಸ್ಸಿನಲ್ಲಿ, ಮಗನ ಪುಸ್ತಕ ಓದಿ, ಖಾಸಗಿಯಾಗಿ ಕಟ್ಟಿ ಎಸ್ಸೆಸ್ಸೆಲ್ಸಿ ಪಾಸು ಮಾಡಿದ. ಗಣಿತಕ್ಕೆ ಎರಡು ಸಲ ಕೂತಿದ್ದ. ಎಸ್ಸೆಸ್ಸೆಲ್ಸಿ ಆದವರಿಗೆ ಗುಮಾಸ್ತರಾಗಿ ಬಡ್ತಿ ಸಿಗುವ ಅವಕಾಶ ಆಗ ನಮ್ಮ ಇಲಾಖೆಯಲ್ಲಿತ್ತು. ಅಂಕಪಟ್ಟಿಯ ನಕಲು ಲಗತ್ತಿಸಿ, ಎಸ್‌ಆರ್‌ನಲ್ಲಿ ದಾಖಲಿಸಿ ಅಂತ ಅರ್ಜಿ ಕೊಟ್ಟ. ನಾನು ತಗೊಂಡು ಡ್ರಾಯರ್‌ನಲ್ಲಿ ಇಟ್ಟೆ. ನಾಳೆ ಮಾಡೋಣ ಅಂತ.

ಆ ಅರ್ಜಿ ನನ್ನ ಡ್ರಾಯರ್‌ನಲ್ಲಿ ಹನ್ನೊಂದು ತಿಂಗಳು ಇತ್ತು. ನನ್ನ ಡ್ರಾಯರ್‌ನಲ್ಲಿ. ನನಗೇ ಅಷ್ಟೆಲ್ಲ ಆಗಿದ್ದರೂ.

ಅವನು ಸುಮ್ನೆ ಇದ್ದವನಲ್ಲ. ತಿಂಗಳ ಮೊದಲ ಶನಿವಾರ ಕಡತದ ಕಟ್ಟು ಇಡಲು ಬಂದವನು ಟೇಬಲ್ಲಿನ ಮೂಲೆಯಲ್ಲಿ ನಿಂತು "ಅಕ್ಕಾರ, ನಂದೇನಾತ್ರಿ?" ಅನ್ನುತ್ತಿದ್ದ. ದನಿಯಲ್ಲಿ ಸಿಟ್ಟಿಲ್ಲ, ಬೇಡಿಕೆಯ ಗೋಗರೆತವೂ ಇಲ್ಲ. ಬಸ್ ಎಷ್ಟು ಗಂಟೆಗೆ ಅಂತ ಕೇಳಿದ ಹಾಗೆ. "ಮಾಡೋಣೋ ಮಾರಾಯ" ಅನ್ನುತ್ತಿದ್ದೆ. ಹನ್ನೊಂದನೇ ಸಲ ಬಂದಾಗ ಕೈಯಲ್ಲಿ ಸೀರೆ ಅಂಗಡಿಯ ಪ್ಲಾಸ್ಟಿಕ್ ಚೀಲ ಇತ್ತು. ಒಳಗಿಂದ ಒಂದೊಂದೇ ತೆಗೆದು ಟೇಬಲ್ ಮೇಲೆ ಇಟ್ಟ. ಅಂಕಪಟ್ಟಿ, ಅರ್ಜಿಯ ನಕಲು, ಅದರ ಮೇಲೆ ನನ್ನದೇ ಸಹಿ, ಕಚೇರಿ ಮುದ್ರೆ, ತಾರೀಕು. ನೇಮಕದ ಆದೇಶ. ಪ್ರತಿ ವರ್ಷದ ಇನ್‌ಕ್ರಿಮೆಂಟ್ ಆದೇಶ. ಒಂದು ರೂಲ್ಡ್ ಹಾಳೆಯಲ್ಲಿ ತಾನು ಕೇಳಿದ ತಾರೀಕುಗಳನ್ನೂ ಬರೆದಿಟ್ಟಿದ್ದ, ನೀಲಿ ಇಂಕಿನಲ್ಲಿ, ಒಂದರ ಕೆಳಗೊಂದು, ಹತ್ತು ಸಾಲು. "ಇವತ್ತಿಂದು ಬರೀಬೇಕಂತ ಮಾಡೀನ್ರಿ" ಅಂದ.

ಕಡತ ಓದಿ ಬದುಕುವ ನನ್ನ ಹತ್ತಿರ ನನ್ನ ನೇಮಕದ ಆದೇಶದ ನಕಲೇ ಇರಲಿಲ್ಲ. ಕಡತ ಹೊರುವವನ ಹತ್ತಿರ ಎಲ್ಲವೂ ಇತ್ತು. ಅವತ್ತು ಮಧ್ಯಾಹ್ನ ಊಟಕ್ಕೆ ಹೋಗಲಿಲ್ಲ. ಅವನ ಎಸ್‌ಆರ್ ತೆಗೆದು ಬರೆದೆ, ಟಿಪ್ಪಣಿ ಹಾಕಿದೆ, ಸಾಹೇಬರು ಹೊರಡುವ ಮೊದಲೇ ಸಹಿ ಮಾಡಿಸಿದೆ. ಎರಡು ವರ್ಷಕ್ಕೆ ಅವನು ಗುಮಾಸ್ತನಾದ. ನಾನು ತಡ ಮಾಡದೇ ಇದ್ದಿದ್ದರೆ ಒಂದು ಪಟ್ಟಿ ಮುಂಚೆ ಆಗುತ್ತಿದ್ದನೋ ಏನೋ. ಅವನು ಯಾವತ್ತೂ ಅದನ್ನು ಎತ್ತಿ ಆಡಲಿಲ್ಲ.

ಆ ವರ್ಷದಿಂದ ಒಂದು ಕೆಲಸ ಶುರು ಮಾಡಿದೆ. ಜನವರಿಯಲ್ಲಿ ದಿನಕ್ಕೆ ಹತ್ತು ಜನರನ್ನು ಕರೆದು ಅವರವರ ಎಸ್‌ಆರ್ ಮುಂದಿಟ್ಟು, ಓದಿ ಸಹಿ ಮಾಡಿ ಅನ್ನುತ್ತಿದ್ದೆ. ಓದದೆ ಸಹಿ ಹಾಕುವವರೇ ಜಾಸ್ತಿ. "ನೀವು ನೋಡೀರಲ್ಲ ಅಕ್ಕಾರ, ಸಾಕು" ಅನ್ನುವವರು. ಬಲವಂತಕ್ಕೆ ಓದಿದ ಒಬ್ಬ ಹಿರಿಯ ಡ್ರೈವರ್ ಸಾಹೇಬರಿಗೆ ತಮ್ಮ ಹುಟ್ಟಿದ ವರ್ಷ ಒಂದು ವರ್ಷ ಹಿಂದಕ್ಕೆ ನಮೂದಾಗಿರುವುದು ಆವತ್ತೇ ಗೊತ್ತಾಯಿತು. ತಿದ್ದುಪಡಿಗೆ ಸೇವೆಗೆ ಸೇರಿದ ಮೂರು ವರ್ಷದೊಳಗೆ ಅರ್ಜಿ ಹಾಕಬೇಕು ಅಂತ 1974ರ ಕಾನೂನೇ ಇದೆ. ಅವರಿಗೆ 26 ವರ್ಷ ಸೇವೆಯಾಗಿತ್ತು. ಒಂದು ವರ್ಷ ಮೊದಲೇ ಮನೆಗೆ ಹೋದರು. ಒಂದು ಅಂಕಿ ತಪ್ಪಿದ್ದಕ್ಕೆ ಒಂದು ವರ್ಷದ ಪೂರ್ತಿ ಸಂಬಳ ಹೋಯಿತು.

2010ರಲ್ಲಿ ನಮ್ಮ ಅಧೀಕ್ಷಕರು ನಿವೃತ್ತರಾದಾಗ ಏಳು ತಿಂಗಳು ಆ ಕುರ್ಚಿಯ ಕೆಲಸವನ್ನೂ ನಾನೇ ನೋಡಿಕೊಂಡೆ. ಬಾಯಿಮಾತಿನಲ್ಲಿ "ಸ್ವಲ್ಪ ನೋಡಿಕೊಳ್ಳಿ ಮೇಡಂ" ಅಂದಿದ್ದರು. ಹಳೆಯ ನಾನಾಗಿದ್ದರೆ ನೋಡಿಕೊಂಡು ಸುಮ್ಮನಿರುತ್ತಿದ್ದೆ. ಕೆಸಿಎಸ್‌ಆರ್ ನಿಯಮ 32ರ ಅಡಿ ಪ್ರಭಾರದ ಆದೇಶ ಕೊಡಿ, ನಿಯಮ 68ರ ಪ್ರಕಾರ ಪ್ರಭಾರ ಭತ್ಯೆ ಕೊಡಿ ಅಂತ ಬರೆದು ಕೊಟ್ಟೆ. ಸಾಹೇಬರು ಕನ್ನಡಕದ ಮೇಲಿಂದ ನೋಡಿದರು. "ಕೇಳಿ ತಗೊಳ್ತೀರಲ್ಲ" ಅಂದರು. ನಕ್ಕೇ ಅಂದರು, ಆದೇಶವೂ ಕೊಟ್ಟರು. ಭತ್ಯೆಗಿಂತ ಆ ಆದೇಶದ ಕಾಗದ ನನಗೆ ಮುಖ್ಯವಾಗಿತ್ತು. ಕೆಲಸ ಮಾಡಿದ್ದಕ್ಕೆ ಸಾಕ್ಷಿ ಬೇಕಲ್ಲ.

2011ರಲ್ಲಿ ಅಧೀಕ್ಷಕಿಯಾಗಿ ಬಡ್ತಿ ಬಂತು, ಜಾಗ ಬಿಜಾಪುರ. ಯಜಮಾನರು ಹೈಸ್ಕೂಲ್ ಮೇಷ್ಟ್ರು, ಅತ್ತೆಗೆ ಸಕ್ಕರೆ ಕಾಯಿಲೆ, ಮಗನಿಗೆ ಎಸ್ಸೆಸ್ಸೆಲ್ಸಿ. ಅದೇ ಪಟ್ಟಿಯಲ್ಲಿದ್ದ ನನ್ನ ಗೆಳತಿ ಬಡ್ತಿ ಬೇಡ ಅಂತ ಬರೆದು ಕೊಟ್ಟಳು. ಅವಳ ಮನೆಯ ಕಷ್ಟ ನಾನು ಬಲ್ಲೆ, ತಪ್ಪು ಅನ್ನಲಾರೆ. ನಾನು ಹೋದೆ. ಒಂದು ಕೋಣೆ, ಒಂದು ಸ್ಟೌ, ವಾರಕ್ಕೊಮ್ಮೆ ಬಸ್ಸು. ಹದಿನೆಂಟು ತಿಂಗಳಾದ ಮೇಲೆ ಕೋರಿಕೆ ಮೇರೆಗೆ ಹತ್ತಿರಕ್ಕೆ ಬಂದೆ. ಮಗ ಆ ವರ್ಷ 71 ಪರ್ಸೆಂಟ್ ತೆಗೆದ. ಅಮ್ಮ ಮನೆಯಲ್ಲಿದ್ದಿದ್ದರೆ 80 ಬರುತ್ತಿತ್ತು ಅಂತ ಈಗಲೂ ನನ್ನ ನಾದಿನಿ ಹೇಳುತ್ತಾಳೆ. ಇರಬಹುದು.

ಆಮೇಲೆ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಬಂತು. 2012ರ ನಿಯಮ, ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆಯವರು ನಡೆಸುತ್ತಿದ್ದರು, ಪಾಸಾಗದಿದ್ದರೆ ಬಡ್ತಿಗೂ ಇನ್‌ಕ್ರಿಮೆಂಟಿಗೂ ಕುತ್ತು. ನನಗೆ ಕನ್ನಡ ಟೈಪ್‌ರೈಟರ್ ಚೆನ್ನಾಗಿ ಬರುತ್ತಿತ್ತು, ಅದೇ ತೊಂದರೆಯಾಯಿತು. ನುಡಿ ತಂತ್ರಾಂಶದಲ್ಲಿ ಅಕ್ಷರಗಳ ಜಾಗವೇ ಬೇರೆ. ಮೂವತ್ತು ವರ್ಷ ರೂಢಿಯಾದ ಬೆರಳು ತಾನಾಗಿ ಹಳೆಯ ಜಾಗಕ್ಕೇ ಹೋಗುತ್ತಿತ್ತು. ಕಚೇರಿಗೆ ಹೊಸದಾಗಿ ಬಂದಿದ್ದ ಡಾಟಾ ಎಂಟ್ರಿ ಹುಡುಗನಿಗೆ ದಿನಾ ಸಂಜೆ ಮಿರ್ಚಿ ಭಜಿ ಕೊಡಿಸಿ ಕಲಿತೆ. ಗಡುವು ಮುಂದೆ ಹೋಗುತ್ತದೆ ಬಿಡಿ ಅಂತ ಎಲ್ಲರೂ ಹೇಳುತ್ತಿದ್ದರು. ಹೋಯಿತು ಕೂಡ, ಒಂದಲ್ಲ ಹಲವು ಸಲ. ಆದರೆ 2014ರಲ್ಲೇ ಪಾಸು ಮಾಡಿ, ಮರುದಿನವೇ ಎಸ್‌ಆರ್‌ನಲ್ಲಿ ಬರೆಸಿ, ಬರೆದ ಪುಟದ ಜೆರಾಕ್ಸ್ ಮಾಡಿಸಿದೆ. ಜೆರಾಕ್ಸ್ ಅಂಗಡಿಯವನು "ಎಷ್ಟು ಕಾಪಿ ಮೇಡಂ?" ಅಂದ. ನಾಲ್ಕು ಅಂದೆ.

ಎಲ್ಲವೂ ನಮ್ಮ ಕೈಯಲ್ಲೇ ಇದೆ ಅಂತ ನಾನು ಹೇಳುವುದಿಲ್ಲ. ನಿಮ್ಮ ಪುರವಣಿಯ ಲೇಖನದಲ್ಲಿ ನನಗೆ ಸರಿಬರದ ಮಾತು ಅದೊಂದೇ. ಹುದ್ದೆ ಖಾಲಿಯಿದ್ದರೂ ವರ್ಷಗಟ್ಟಲೆ ತುಂಬುವುದಿಲ್ಲ. 2017ರಲ್ಲಿ ಬಡ್ತಿ ಮೀಸಲಾತಿ ಬಗ್ಗೆ ಸುಪ್ರೀಂ ಕೋರ್ಟಿನ ತೀರ್ಪು ಬಂದಾಗ ಎಷ್ಟೋ ಇಲಾಖೆಗಳ ಜ್ಯೇಷ್ಠತಾ ಪಟ್ಟಿ ಹೊಸದಾಗಿ ಬರೆಯಬೇಕಾಯಿತು, ಆಮೇಲೆ ಹೊಸ ಕಾಯ್ದೆ ಬಂತು, 2019ರಲ್ಲಿ ಕೋರ್ಟು ಅದನ್ನು ಎತ್ತಿಹಿಡಿಯಿತು, ಪಟ್ಟಿಗಳು ಮತ್ತೆ ಬದಲಾದವು. ಆ ಎರಡು ವರ್ಷ ಪಟ್ಟಿಯಲ್ಲಿ ಮೇಲೆ ಕೆಳಗೆ ಆದವರು ತಾವು ಏನು ಮಾಡಿದ್ದರೂ ಅದನ್ನು ತಪ್ಪಿಸಲು ಆಗುತ್ತಿರಲಿಲ್ಲ. ಹಾಗೆಯೇ, ಎಸ್‌ಆರ್ ತೋರಿಸುವುದು ಕಚೇರಿಯ ಕೆಲಸ. ನೌಕರ ಕೇಳಲಿಲ್ಲ ಅನ್ನುವುದು ಕಚೇರಿಗೆ ನೆಪವಾಗಬಾರದು. 180 ಪುಸ್ತಕಕ್ಕೆ ಒಬ್ಬ ಗುಮಾಸ್ತೆಯನ್ನು ಕೂರಿಸಿ, ಅವಳ ಡ್ರಾಯರ್‌ನಲ್ಲಿ ಅರ್ಜಿ ಕೊಳೆತರೆ ಅವಳನ್ನು ಮಾತ್ರ ಬೈಯುವುದೂ ನ್ಯಾಯವಲ್ಲ. ನಾನು ಬೈಸಿಕೊಳ್ಳಬೇಕಾದ್ದು ಹೌದು, ನನ್ನ ಮೇಲಿನವರೂ ಜೊತೆಗಿರಲಿ ಅಂತ ಅಷ್ಟೇ.

ವಾರ್ಷಿಕ ಕಾರ್ಯನಿರ್ವಹಣಾ ವರದಿಯದ್ದೂ ಇದೇ ಕಥೆ. ಸಾಹೇಬರು ನಮ್ಮ ಬಗ್ಗೆ ಏನು ಬರೆದಿದ್ದಾರೆ ಅಂತ ಕೇಳುವುದೇ ಉದ್ಧಟತನ ಅಂದುಕೊಂಡವರು ಇನ್ನೂ ಇದ್ದಾರೆ. ವರದಿಯಲ್ಲಿ ಬರೆದದ್ದನ್ನು, ಒಳ್ಳೆಯದಿರಲಿ ಕೆಟ್ಟದಿರಲಿ, ನೌಕರನಿಗೆ ತಿಳಿಸಬೇಕು ಅಂತ ಸುಪ್ರೀಂ ಕೋರ್ಟು 2008ರಲ್ಲೇ ಹೇಳಿದೆ. ಯಾರೂ ಕೊಡದಿದ್ದರೆ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಏಲಕ್ಕಿ ಹಾರಕ್ಕೆ ಕೊಟ್ಟಷ್ಟೇ ದುಡ್ಡು.

ನಮ್ಮ ಮನೆಯ ಎದುರು ಒಬ್ಬ ಹುಡುಗಿ ಬಾಡಿಗೆಗಿದ್ದಾಳೆ. ರಾಯಚೂರು ಕಡೆಯವಳು. 2022ರಲ್ಲಿ ದ್ವಿತೀಯ ದರ್ಜೆ ಸಹಾಯಕಿಯಾಗಿ ಸೇರಿದ್ದಾಳೆ. ಬಲು ಚುರುಕು, ಫೋನಿನಲ್ಲೇ ಸಂಬಳದ ಚೀಟಿ ತೆಗೆದು ತೋರಿಸುತ್ತಾಳೆ. ಮೊನ್ನೆ ಸಂಜೆ ಹೀಗೇ ಮಾತಾಡುತ್ತಾ, ನಿನ್ನ ಪ್ರೊಬೇಷನ್ ಮುಗಿಯಿತು ಅಂತ ಘೋಷಣೆ ಆಯ್ತೇನಮ್ಮಾ ಅಂದೆ. "ಎರಡು ವರ್ಷಕ್ಕ ತಾನ ಆಗತೈತಲ್ರಿ ಆಂಟಿ?" ಅಂದಳು. ಎದೆ ಧಸಕ್ ಅಂತು. 1977ರ ಪ್ರೊಬೇಷನ್ ನಿಯಮದಲ್ಲಿ ಕನಿಷ್ಠ ಎರಡು ವರ್ಷ ಅಂತ ಇದೆ, ನಿಜ. ಎರಡು ವರ್ಷ ಮುಗಿದ ತಕ್ಷಣ ತಾನಾಗಿ ಏನೂ ಆಗುವುದಿಲ್ಲ. ವರದಿ ತರಿಸಬೇಕು, ಪರೀಕ್ಷೆ ಪಾಸಾಗಿದೆಯಾ ನೋಡಬೇಕು, ಟಿಪ್ಪಣಿ ಹೋಗಬೇಕು, ತೃಪ್ತಿಕರ ಅಂತ ಆದೇಶ ಬರಬೇಕು. ಅವಳ ಕಡತ ಎಲ್ಲಿದೆ ಅಂತ ಅವಳಿಗೆ ಗೊತ್ತಿಲ್ಲ. ಅವಳು ಎಸ್‌ಆರ್ ಅನ್ನು ಒಮ್ಮೆಯೂ ನೋಡಿಲ್ಲ. ಕೇಳೋಕೆ ಹೋದರೆ ಸಾಹೇಬರು ಏನಂದುಕೊಳ್ಳುತ್ತಾರೋ ಅಂದಳು.

ಮಾತು ಅದೇ, ವರ್ಷ ಮಾತ್ರ ಬೇರೆ. ನಾನು ಒಳಗೆ ಹೋಗಿ ಹಿಟ್ಟು ಹತ್ತಿದ ಪುಸ್ತಕ ತಂದು ತೋರಿಸಿದೆ. ಅವಳು ಅದನ್ನು ಮೂಸಿ ನೋಡಿ ನಕ್ಕಳು. ಅಡುಗೆ ಮನೆಯಲ್ಲೇ ಕೂತು ಅರ್ಜಿ ಬರೆದೆವು. ಮೇಲೆ 'ಮೂಲಕ' ಹಾಕುವುದು ಮರೆತಿದ್ದಳು, ಸೇರಿಸಿದೆ. ಎರಡು ಪ್ರತಿ, ಒಂದಕ್ಕೆ ಮುದ್ರೆ ಒತ್ತಿಸಿ ವಾಪಸ್ ತಾ ಅಂದೆ. ಅಟೆಂಡರ್‌ನ ರೂಲ್ಡ್ ಹಾಳೆಯ ವಿಷಯವನ್ನೂ ಹೇಳಿದೆ. ಸೋಮವಾರ ಮುದ್ರೆ ಒತ್ತಿದ ಪ್ರತಿಯ ಫೋಟೊ ವಾಟ್ಸ್‌ಆ್ಯಪ್‌ಗೆ ಬಂತು. ಮುದ್ರೆ ತಲೆಕೆಳಗಾಗಿ ಬಿದ್ದಿತ್ತು, ತಾರೀಕು ಓದಲು ಬರುತ್ತಿತ್ತು.

ಈಗ ಕೋರಿಕೆ. ನಿಮ್ಮ ಪತ್ರಿಕೆಯ ಉದ್ಯೋಗ ಪುಟದಲ್ಲಿ ಹೊಸದಾಗಿ ಕೆಲಸ ಹುಡುಕುವವರಿಗೆ ಎಲ್ಲ ಅಧಿಸೂಚನೆ ಹಾಕುತ್ತೀರಿ. ಲೋಕಸೇವಾ ಆಯೋಗ ಇಲಾಖಾ ಪರೀಕ್ಷೆಗೆ ಅರ್ಜಿ ಕರೆದಾಗಲೂ ಅದೇ ಪುಟದ ಮೂಲೆಯಲ್ಲಿ ನಾಲ್ಕು ಸಾಲು ಹಾಕಿ. ಕೊನೆಯ ದಿನಾಂಕವನ್ನು ದಪ್ಪ ಅಕ್ಷರದಲ್ಲಿ ಹಾಕಿ. ತಾಲ್ಲೂಕು ಕಚೇರಿಗಳಿಗೆ ಸುತ್ತೋಲೆ ತಲುಪುವಷ್ಟರಲ್ಲಿ ಎಷ್ಟೋ ಸಲ ಗಡುವು ಮುಗಿದಿರುತ್ತದೆ, ಪೇಪರು ಮಾತ್ರ ಬೆಳಿಗ್ಗೆ ಆರಕ್ಕೆ ಬರುತ್ತದೆ. ಜನವರಿ ಮೊದಲ ವಾರದಲ್ಲಿ 'ನಿಮ್ಮ ಎಸ್‌ಆರ್ ನೋಡಿದಿರಾ?' ಅಂತ ಒಂದು ಸಾಲು ಹಾಕಿದರೂ ಸಾಕು. ಜಾಹೀರಾತಿನ ಜಾಗ ಬೇಕಾದರೆ ಎಷ್ಟು ಹಣ ಅಂತ ತಿಳಿಸಿ, ನಮ್ಮ ನಿವೃತ್ತರ ಗುಂಪಿನಲ್ಲಿ ಎತ್ತಿ ಕೊಡುತ್ತೇವೆ. ತಲಾ ಹತ್ತು ರೂಪಾಯಿ ಅಂದರೆ ಯಾರೂ ಇಲ್ಲ ಅನ್ನುವುದಿಲ್ಲ.

ಹೆಸರು ಹಾಕಬೇಡಿ. ಕಚೇರಿಯಲ್ಲಿ ಇನ್ನೂ ನನ್ನ ಪಿಂಚಣಿಯ ಒಂದು ಪರಿಷ್ಕರಣೆ ಬಾಕಿಯಿದೆ.

ಇತಿ,
ನಿಮ್ಮ ಬಹುಕಾಲದ ಓದುಗಿ,
ಒಬ್ಬ ನಿವೃತ್ತ ಅಧೀಕ್ಷಕಿ, ಹಾವೇರಿ